ಹತ್ತಿಯ ಅಂಟು

ನದಿಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಉಪದೇಶ ಕಡಿಮೆ, ಕೆಲಸ ಹೆಚ್ಚು. ಹರಿದ ಹಳೆಯ ಪುಸ್ತಕಗಳು ಎಲ್ಲೆಲ್ಲಿಂದಲೋ ಬರುತ್ತಿದ್ದವು. ಆಶ್ರಮದ ಗುರು ನೀಲಮ್ಮ ಎಂಬ ವೃದ್ಧೆ. ಅವರು ಆ ಪುಸ್ತಕಗಳನ್ನು ಶಿಷ್ಯರ ಕೈಯಿಂದ ಸರಿಮಾಡಿಸುತ್ತಿದ್ದರು.

ಪುಸ್ತಕ ಸರಿಯಾಗುತ್ತಿತ್ತು. ಕೆಲವೊಮ್ಮೆ ಶಿಷ್ಯರೂ.

ಹಿರಿಯ ಶಿಷ್ಯ ಮಹಾಂತ. ಅವನ ಪಾಲಿನ ಕೆಲಸ ಸರೇಸು. ತೊಗಲನ್ನು ಕುದಿಸಿ ಮಾಡುವ ಅಂಟು ಅದು. ಬೆಚ್ಚಗಿದ್ದರೆ ಹರಿಯುತ್ತದೆ, ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಹಾಗಾಗಿ ಅವನು ದಿನವಿಡೀ ಒಲೆಯ ಮುಂದೆ ಕೂತಿರಬೇಕಾಗಿತ್ತು. ಹೊಗೆಗೆ ಅವನ ಕಣ್ಣು ಸದಾ ಕೆಂಪು.

ಪುಸ್ತಕದ ಬೆನ್ನಿಗೆ ಸರೇಸು ಸರಿ. ಆದರೆ ಹಾಳೆಗೆ ಹಚ್ಚಿದರೆ ಕಲೆಯಾಗುತ್ತಿತ್ತು. ಅದಕ್ಕೆಂದು ನೀಲಮ್ಮ ಪಟ್ಟಣದಿಂದ ಒಂದು ಬಿಳಿ ಪುಡಿ ತರಿಸಿದರು. ಹತ್ತಿಯ ನಾರಿನಿಂದ ಮಾಡಿದ್ದು. ಅದನ್ನು ಕಲಸುವ ಕೆಲಸ ಹೊಸ ಶಿಷ್ಯ ಪರ್ವತನಿಗೆ ಹೋಯಿತು.

ಪರ್ವತ ನಸುಕಿನಲ್ಲಿ ನದಿಯ ನೀರು ತಂದು, ಹಿತ್ತಾಳೆ ಪಾತ್ರೆಯಲ್ಲಿ ಪುಡಿ ಕದಡಿ ಇಡುತ್ತಿದ್ದ. ಹೊತ್ತು ಏರುವ ಮೊದಲೇ ಅದು ಗಾಜಿನಷ್ಟು ತಿಳಿಯಾದ ಅಂಟಾಗುತ್ತಿತ್ತು.

"ಒಲೆ ಹಚ್ಚೋಕೂ ಬರಲ್ವೇನೋ ನಿನಗೆ?" ಎಂದು ಮಹಾಂತ ಒಮ್ಮೆ ಕೆಣಕಿದ.

"ಬರುತ್ತೆ ಅಣ್ಣ. ಅಮ್ಮ ಬೇಡ ಅಂದಿದ್ದಾರೆ."

ಮಹಾಂತನಿಗೆ ಚುರ್ರೆಂದಿತು. ಇವನ ಕಣ್ಣಿಗೆ ಹೊಗೆ ತಾಗಬಾರದು. ನನ್ನ ಕಣ್ಣು ಏನಾದರೂ ಆಗಲಿ.

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದ. ನೀಲಮ್ಮ ಪರ್ವತನ ಪಕ್ಕದಲ್ಲೇ ಕೂರುತ್ತಿದ್ದರು. ಅವನ ಬೆನ್ನು ತಟ್ಟುತ್ತಿದ್ದರು. "ಭೇಷ್, ನಿನ್ನ ಕೈಯಲ್ಲಿ ಹಾಳೆ ಉಸಿರಾಡುತ್ತೆ ನೋಡು" ಎನ್ನುತ್ತಿದ್ದರು. ಮಹಾಂತನ ಬಳಿ ಬಂದರೆ ಒಂದೇ ಮಾತು: "ಹೂಂ. ಮುಂದಿನದು."

ಅವನನ್ನೂ ಅವರು ಒಮ್ಮೆ ಹೊಗಳಿದ್ದರು, ಬಂದ ಹೊಸತರಲ್ಲಿ, ಊರವರ ಎದುರಿಗೆ. ಆ ಮಾತನ್ನು ಅವನು ಇಂದಿಗೂ ಒಳಗೆ ಜೋಪಾನವಾಗಿ ಇಟ್ಟುಕೊಂಡಿದ್ದ. ಎರಡನೆಯ ಮಾತು ಬರಲೇ ಇಲ್ಲ.

ಮಾಗಿಯ ಒಂದು ದಿನ ನೀಲಮ್ಮ ಪೆಟ್ಟಿಗೆಯಿಂದ ಒಂದು ಪುಸ್ತಕ ತೆಗೆದರು. ಆಶ್ರಮ ಕಟ್ಟಿದ ಮೊದಲ ಗುರುವಿನ ಕೈಬರಹ. ಒಂದು ದಿನ ಅದು ತನ್ನ ಕೈಗೆ ಬರುತ್ತದೆ ಎಂಬ ಆಸೆಯಿಂದಲೇ ಮಹಾಂತ ಇಷ್ಟು ವರ್ಷ ಹೊಗೆ ಕುಡಿದಿದ್ದ.

"ಹಾಳೆಗಳು ಪರ್ವತನಿಗೆ. ಬೆನ್ನು ಮಹಾಂತನಿಗೆ" ಎಂದರು ನೀಲಮ್ಮ.

"ಹಾಳೆಗಳನ್ನೂ ನಾನೇ ಮಾಡ್ತೀನಿ ಅಮ್ಮ."

"ಬೆನ್ನು ನಿನಗೆ" ಎಂದು ಅವರು ಎದ್ದು ಹೋದರು.

ಮರುದಿನ ಪರ್ವತ ಅಂಟು ಕಲಸಿಟ್ಟು ಸ್ನಾನಕ್ಕೆ ಹೋದ. ಚೀಲದಲ್ಲಿ ಉಳಿದಿದ್ದ ಪುಡಿಯನ್ನೆಲ್ಲ ಅವನು ಆ ಪಾತ್ರೆಗೇ ಹಾಕಿದ್ದ.

ಮಹಾಂತ ಪಾತ್ರೆ ಎತ್ತಿ ತನ್ನ ಒಲೆಯ ಮೇಲಿಟ್ಟ.

ಅಂಟು ಬಿಸಿಯಾದರೆ ನೀರಾಗುತ್ತದೆ. ಅವನಿಗೆ ಗೊತ್ತಿದ್ದುದು ಅದೊಂದೇ. ನೀರಾದ ಅಂಟು ಹಾಳೆಯಲ್ಲಿ ಇಂಗಿ ಹೋಗುತ್ತದೆ, ಹಿಡಿಯುವುದಿಲ್ಲ. ಆಮೇಲೆ ಅಮ್ಮ ಯಾರ ಬೆನ್ನು ತಟ್ಟುತ್ತಾರೋ ನೋಡೋಣ.

ಅಂಟು ಮೊದಲು ಕೊಂಚ ತೆಳುವಾಯಿತು. ಮಹಾಂತ ಒಳಗೊಳಗೇ ನಕ್ಕ.

ನಂತರ ಮಸುಕಾಯಿತು. ನೋಡನೋಡುತ್ತಿದ್ದಂತೆ ಹಾಲಿನಷ್ಟು ಬೆಳ್ಳಗಾಯಿತು. ಒಡೆದ ಹಾಲಿನಂತೆ ಗಂಟುಗಂಟಾಗಿ ಬಿಗಿದುಕೊಂಡಿತು. ನೀರು ಬೇರೆಯಾಗಿ ಅಂಚಿಗೆ ಬಂದು ನಿಂತಿತು.

ಮಹಾಂತ ಅರಿವೆಯಲ್ಲಿ ಹಿಡಿದು ಪಾತ್ರೆಯನ್ನು ಮೊದಲಿದ್ದಲ್ಲೇ ಇಟ್ಟು, ಸರೇಸಿನ ಮುಂದೆ ಬಂದು ಕೂತ.

ಪರ್ವತ ಬಂದು ಪಾತ್ರೆಯೊಳಗೆ ನೋಡಿದ.

"ಅಮ್ಮಾ..." ಎಂದು ಕರೆದ.

ನೀಲಮ್ಮ ಬಂದರು. ಬಗ್ಗಿ ನೋಡಿದರು. ಪಾತ್ರೆಯ ಮಗ್ಗುಲಿಗೆ ಬೆರಳಿಟ್ಟು, ಹಿಂದಕ್ಕೆ ತೆಗೆದರು.

"ಏನು ಮಾಡಿದೆ?"

"ಎಂದಿನ ಹಾಗೇ ಕಲಸಿದ್ದೆ ಅಮ್ಮ. ನನ್ನ ಕೈಯೇ ಸರಿಯಿಲ್ಲ ಅನ್ಸುತ್ತೆ. ಆ ಪುಸ್ತಕ ಮುಟ್ಟೋ ಯೋಗ್ಯತೆ ನನಗಿಲ್ಲ." ಅವನು ಜಗಲಿಗೆ ಹೋಗಿ ಬಟ್ಟೆ ಮಡಚತೊಡಗಿದ. ಯಾರ ಮುಖವನ್ನೂ ನೋಡಲಿಲ್ಲ.

ನೀಲಮ್ಮ ಮಹಾಂತನ ಕಡೆ ತಿರುಗಿದರು.

"ಹಾಳೆಗಳೂ ನಿನಗೇ."

ಬೇಕಾದದ್ದು ಸಿಕ್ಕಿತು. ಆದರೂ ಮಹಾಂತ ಕೂತಲ್ಲಿಂದ ಏಳಲಿಲ್ಲ.

"ಬಾ. ಆ ಪಾತ್ರೆ ತಗೋ. ನಿನ್ನ ಸರೇಸನ್ನೂ ತಗೋ."

"ಸರೇಸು ಯಾಕಮ್ಮ?"

ಅವರು ಆಗಲೇ ಮೆಟ್ಟಿಲು ಇಳಿಯುತ್ತಿದ್ದರು.

ನದಿಯ ನೀರು ಚಳಿಗೆ ಕೊರೆಯುತ್ತಿತ್ತು. ಎರಡೂ ಪಾತ್ರೆಗಳನ್ನು ನೀಲಮ್ಮ ಅವುಗಳ ಕುತ್ತಿಗೆಯವರೆಗೆ ನೀರಿನಲ್ಲಿಟ್ಟು, ಸುತ್ತ ಕಲ್ಲು ಆನಿಸಿದರು. ಹಿತ್ತಾಳೆ ಪಾತ್ರೆಯ ತಳ ಸವರಿದರು. ಬೆರಳು ಕಪ್ಪಾಯಿತು. ಅದನ್ನು ಮರಳಿನಲ್ಲಿ ಉಜ್ಜಿ ತೊಳೆದುಕೊಂಡರು.

"ಕೂರು" ಎಂದರು.

ಮಹಾಂತ ಕೂತ.

"ಕದಡು."

ಕದಡಿದ. ಬಿಳಿ ಗಂಟುಗಳು ಕಡ್ಡಿಗೆ ತಾಗುತ್ತಿದ್ದವು. ಬಹಳ ಹೊತ್ತು ಏನೂ ಆಗಲಿಲ್ಲ. ಬಿಸಿ ಪೂರ್ತಿ ಆರಿತು, ಆಗಲೂ ಗಂಟು ಗಂಟಾಗಿಯೇ ಇತ್ತು.

"ಬಿಸಿ ಹೋಯ್ತಲ್ಲ ಅಮ್ಮ?"

"ಹೋದರೆ ಸಾಲದು. ಇನ್ನೂ ತಣಿಯಬೇಕು."

ಬಿಸಿಲು ದಡಕ್ಕೆ ಬರುವ ಹೊತ್ತಿಗೆ ಗಂಟಿನ ಅಂಚು ಸಡಿಲಿತು. ಬಿಳುಪು ಮಸುಕಾಯಿತು, ಮಸುಕು ತಿಳಿಯಾಯಿತು. ಅಂಚಿನಲ್ಲಿ ಬೇರೆ ನಿಂತಿದ್ದ ನೀರು ಎಲ್ಲಿ ಸೇರಿಕೊಂಡಿತೋ ಗೊತ್ತಾಗಲಿಲ್ಲ. ಕೊನೆಗೆ ಪಾತ್ರೆಯ ತಳ ಕಾಣಿಸಿತು. ಅಂಟು ಗಾಜಿನಂತಿತ್ತು.

ಮಹಾಂತ ತನ್ನ ಸರೇಸಿನ ಕಡೆ ನೋಡಿದ. ಅದು ಹೆಪ್ಪುಗಟ್ಟಿ ಕೂತಿತ್ತು. ಕಡ್ಡಿ ಅದರಲ್ಲಿ ನೆಟ್ಟಗೆ ನಿಂತಿತ್ತು.

"ನದಿ ಪಂಕ್ತಿಭೇದ ಮಾಡಿತು ಅಂತೀಯಾ?" ಎಂದರು ನೀಲಮ್ಮ.

ಮಹಾಂತ ತಲೆ ತಗ್ಗಿಸಿದ.

"ಒಲೆ ಮೇಲೆ ಇಟ್ಟವನು ನಾನು."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ಪಾತ್ರೆ ಬೆರಳು ಸುಟ್ಟಾಗ."

"ಮತ್ತೆ ಹಾಳೆಗಳನ್ನು ನನಗೆ ಯಾಕೆ ಕೊಟ್ಟಿರಿ?"

"ಬೇಕು ಅಂದೆಯಲ್ಲ. ಕೊಟ್ಟೆ. ಹೊಟ್ಟೆ ತಣ್ಣಗಾಯ್ತಾ?"

ಇಷ್ಟು ವರ್ಷ ಮಹಾಂತ ಅದುಮಿಟ್ಟದ್ದು ಒಮ್ಮೆಗೇ ಹೊರಬಂತು.

"ಅವನ ಪಕ್ಕ ಕೂರ್ತೀರಿ. ಬೆನ್ನು ತಟ್ಟುತ್ತೀರಿ. ನನಗೆ ಒಂದು ಒಳ್ಳೆ ಮಾತಿಲ್ಲ. ಒಮ್ಮೆ ಹೊಗಳಿದ್ದಿರಿ, ಅಷ್ಟೇ."

"ಹೌದು, ಊರವರ ಮುಂದೆ. ಆಮೇಲೆ ಏನಾಯ್ತು?"

ಹೊಗಳಿಕೆಯ ಮಾತಷ್ಟೇ ಮಹಾಂತನಿಗೆ ನೆನಪಿತ್ತು. ಆಮೇಲಿನದು ಈಗ ನೆನಪಾಯಿತು. ಮರುದಿನದಿಂದ ಅವನು ಒಲೆಗೇರಿದ ಆ ಬಿಳಿ ಅಂಟಿನ ಹಾಗೆ ಬಿಗಿದುಕೊಂಡು, ಯಾರ ಮಾತನ್ನೂ ಕೇಳಲಿಲ್ಲ. ಜೊತೆಯವರನ್ನು ಒಲೆಯ ಹತ್ತಿರಕ್ಕೂ ಬಿಡಲಿಲ್ಲ. ಯಾರೋ ನಂಬಿ ಕಳಿಸಿದ ಪುಸ್ತಕಕ್ಕೆ ರಟ್ಟನ್ನು ತಲೆಕೆಳಗಾಗಿ ಅಂಟಿಸಿ, ತಪ್ಪು ತೋರಿಸಿದವನ ಜೊತೆಗೇ ಜಗಳಕ್ಕೆ ನಿಂತಿದ್ದ.

"ಪರ್ವತ ಬಂದಾಗ ಹೇಗಿದ್ದ?" ಎಂದು ನೀಲಮ್ಮ ಕೇಳಿದರು.

"ಬಾಯೇ ಬಿಡ್ತಿರಲಿಲ್ಲ. ಮೂಲೆ ಹಿಡಿದು ಕೂತಿರ್ತಿದ್ದ."

"ಈಗ?"

ಮಹಾಂತ ಆಶ್ರಮದ ಕಡೆ ನೋಡಿದ. ಜಗಲಿಯ ಮೇಲೆ ಪರ್ವತ ಗಂಟು ಕಟ್ಟಿ ಮುಗಿಸಿದ್ದ. ಅದನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನಂತೆ ಕೂತಿದ್ದ.

"ಅಮ್ಮ, ಅವನು ಹೊರಟ..."

ನೀಲಮ್ಮ ಸರೇಸಿನ ಪಾತ್ರೆಯನ್ನು ನೀರಿನಿಂದ ಎತ್ತಿ ಬೋರಲು ಹಿಡಿದರು. ಒಂದು ಹನಿಯೂ ಬೀಳಲಿಲ್ಲ. ಅದನ್ನು ಮಹಾಂತನ ಕೈಗಿಟ್ಟರು.

"ಒಲೆ ಹಚ್ಚೋದು ನಿನಗೆ ಚೆನ್ನಾಗಿ ಬರುತ್ತಲ್ಲ, ಹೋಗು. ಅಲ್ಲೊಬ್ಬ ತಣ್ಣಗಾಗಿ ಕೂತಿದ್ದಾನೆ."