ಬೀಗರ ಬೋಳುತಲಿಗೆ ಸುಣ್ಣ

ಕುಂದರ್ರಿ, ಹೇಳ್ತೇನಿ. ನಡುವ ನಗಬ್ಯಾಡ್ರಿ, ನಕ್ಕರ ನನಗ ಮರತ ಹೋಗತೈತಿ.

ಸಾತವ್ವ ಅಂತ ಒಬ್ಬಾಕಿ. ಆಕಿ ಮಗ ಬರಮ್ಯಾ. ಆಳೇನೋ ಬಾಗಲದಷ್ಟು ಎತ್ತರ, ಬುದ್ಧಿ ಮಾತ್ರ ಹೊಸ್ತಿಲದಷ್ಟು! ಹೇಳಿದ್ದನ್ನ ಹೇಳಿದಂಗ ಮಾಡಾಂವ. ಅವ್ವ ಹಣಿ ಹಣಿ ಬಡಕೊಳ್ಳಾಕಿ.

ಮಗಳು ನೀಲವ್ವ ಚೊಚ್ಚಲ ಬಸುರಿ. ಆಕಿ ಮಾವ ಅಡಿವೆಪ್ಪ ಹೇಳಿ ಕಳಿಸಿದ: "ಕರ್ಕೊಂಡು ಬರ್ತೇನಿ. ಬಾಣಂತಿ ಖೋಲಿ ಮನಸ್ಸಿಗೆ ಬಂದರ ಬಿಟ್ಟು ಹೋಗ್ತೇನಿ, ಇಲ್ಲಂದರ ಹೊಳ್ಳಿ ಕರ್ಕೊಂಡು ಹೋಗ್ತೇನಿ." ಮಗಳ ಬಾಣಂತನ ತಾನ ಮಾಡಬೇಕಂತ ಸಾತವ್ವಗ ಎಷ್ಟು ದಿನದ ಆಸೆ!

"ಬರಮ್ಯಾ, ಖೋಲಿಗೆ ಸುಣ್ಣ ಹಚ್ಚೋ. ಒಂದಿಷ್ಟೂ ಬಿಡಬ್ಯಾಡ!"

"ಆತ ಬೇ!"

ಹಚ್ಚಿದಾ. ಗ್ವಾಡಿಗೆ ಹಚ್ಚಿದಾ, ಹೊರಸಿಗೆ ಹಚ್ಚಿದಾ, ಕರೀ ಕಂಬಳಿಗೆ ಹಚ್ಚಿದಾ. ಮೂಲ್ಯಾಗ ಕಾವಿಗೆ ಕುಂತ ಕೋಳಿಗೂ ಹಚ್ಚಿದಾ!

"ಯವ್ವಾ, ಒಂದಿಷ್ಟೂ ಬಿಟ್ಟಿಲ್ಲ!"

"ಅಯ್ಯ ನನ ಕರ್ಮ! ಕಂಬಳಿಗೆ ಯಾರರೆ ಸುಣ್ಣ ಹಚ್ತಾರೇನೋ? ಮೊದಲ ಕೈಯಾಡ್ಸಿ ನೋಡು. ಒರಟಿದ್ದರ ಬಿಡು, ನುಣ್ಣಗಿದ್ದರ ಹಚ್ಚು!"

"ಹಂಗ ಮಾಡ್ತೇನಿ ಬೇ!"

ಮರುದಿನ ಅವ್ವ, "ಸಗಣ್ಯಾಗ ಇದ್ದಲಿ ಪುಡಿ ಕಲಸಿ ಕರ್ರಗ ಸಾರಸು" ಅಂತ ಹೇಳಿ, ಕಂಬಳಿ ತೊಳಿಯಾಕ ಹಳ್ಳಕ್ಕ ಹೋದಳು. ಬರಮ್ಯಾ ನೆಲದ ಮ್ಯಾಲ ಕೈಯಾಡಿಸಿದ. ಒರಟು! ಬಿಟ್ಟ. ಗ್ವಾಡಿ ಮ್ಯಾಲ ಕೈಯಾಡಿಸಿದ. ನುಣ್ಣಗ! ಹಚ್ಚಿದ ನೋಡ್ರಿ, ನಾಕೂ ಬೆರಳಿಲೆ, ಗೆರಿ ಗೆರಿ ಗೆರಿ!

ಅವ್ವ ಬಂದು ನೋಡಿ ತಲಿ ಮ್ಯಾಲ ಕೈ ಹೊತ್ತು ಕುಂತಳು. "ಮೂಳಾ! ಕರೀದು ನೆಲಕ್ಕೋ! ಮ್ಯಾಲ ನುಣ್ಣಗ ಕಂಡಲ್ಲೆ ಬಿಳೀದು!"

"ಈಗ ತಿಳೀತು ಬೇ!"

ನೆಲಾ ಆಕಿನ ಸಾರಿಸಿದಳು. ಗ್ವಾಡಿ ತಿದ್ದೂದ್ರಾಗ ಬೀಗರ ಬಂಡಿ ಬಂದ ಬಿಡ್ತು.

ಅಡಿವೆಪ್ಪ ಬಿಳಿ ಮೀಸಿ ತಿರುವಿಕೊಂತ ಖೋಲಿ ನೋಡಿದ. ಕರೀ ನೆಲಾ, ಕರೀ ಕಂಬಳಿ, ಬಿಳೀ ಗ್ವಾಡಿ ತುಂಬ ಕರೀ ಗೆರಿ. "ಇದೇನ್ರಿ ಬೀಗ್ತಿ, ಹುಲಿ ಕಟ್ಟೀರೇನು? ಒಂದೀಟು ಅಡ್ಡಾಗಿ ಎದ್ದು ಹೇಳ್ತೇನಿ" ಅಂದು ಬೋಳುತಲಿ ಮ್ಯಾಲಿನ ರುಮಾಲು ತಗದು ಹೊರಸಿನ ಮ್ಯಾಲ ಉರುಳಿದ. ನೀಲವ್ವ ಮಾರಿ ಸಣ್ಣದು ಮಾಡಿಕೊಂಡು ಬಾಗಲಕ್ಕ ಆನಿಕೊಂಡು ನಿಂತಿದ್ದಳು. ಸಾತವ್ವ ಬೀಗರಿಗೆ ಶಿರಾ ಮಾಡಾಕ ಹೋದಳು.

ಬರಮ್ಯಾ ಬಂದ. ಬೀಗರ ತಲಿ ಮ್ಯಾಲ ಕೈಯಾಡಿಸಿದ. ಆಹಾ, ನುಣ್ಣಗ! ಸುಣ್ಣದ ಕುಂಚ ಅದ್ದಿ ಹಚ್ಚೇ ಬಿಟ್ಟ!

ನೀಲವ್ವ ನಕ್ಕಳು. ಹೊಟ್ಟಿ ಹಿಡಕೊಂಡು, ಕಣ್ಣಾಗ ನೀರು ಬರೂ ಹಂಗ ನಕ್ಕಳು. ಅಡಿವೆಪ್ಪ ಎದ್ದು ಕುಂತ. ಸಾತವ್ವ ಓಡಿ ಬಂದು ಬೀಗರ ಕಾಲು ಹಿಡದಳು.

"ಏಳ್ರಿ ಬೀಗ್ತಿ" ಅಂದ ಅಡಿವೆಪ್ಪ, ತಲಿ ಮುಟ್ಟಿಕೊಂಡು. "ಹೆರಿಗಿ ಹೆದರಿಕಿಗೆ ಈ ಹುಡುಗಿ ಮೂರು ತಿಂಗಳದಿಂದ ನಕ್ಕಿದ್ದಿಲ್ಲ. ನಾವು ಎಷ್ಟು ಮಾಡಿದರೂ ನಕ್ಕಿದ್ದಿಲ್ಲ. ಇಲ್ಲೇ ಇರಲಿ. ಗ್ವಾಡೀನೂ ಹಂಗ ಇರಲಿ."

ನೀಲವ್ವ ಗ್ವಾಡಿ ಮ್ಯಾಲಿನ ಗೆರಿ ಸವರಿದಳು. "ನಮ್ಮ ತಮ್ಮನ ಬೆರಳವು ಬೇ. ತಿದ್ದಬ್ಯಾಡ."

ಸಾತವ್ವ ಬೀಗರಿಗೆ ಕೈ ಮುಗದಳು, ಮಗನ ಗಲ್ಲಾ ಸವರಿದಳು. "ಮಗನ, ಇವರ ಉಪಕಾರ ಈ ಜಲ್ಮದಾಗ ತೀರೂದಿಲ್ಲ. ಬಚ್ಚಲಕ್ಕ ಕರ್ಕೊಂಡು ಹೋಗಿ ನೀನ ತೊಳಿ. ಬಿಳೀದು ಒಂದಿಷ್ಟೂ ಉಳೀಬಾರದು, ನೋಡು!"

"ಆತ ಬೇ!"

ತೊಳದ. ತಿಕ್ಕಿ ತಿಕ್ಕಿ ತೊಳದ. ತಲಿ ಫಳಫಳ ಅಂತು. ಆಮ್ಯಾಲ ಬೀಗರ ಮಾರಿ ನೋಡಿದ. ಅಲ್ಲೆ ಇನ್ನೂ ಬಿಳೀದು ಐತಿ! ತೊಳದ, ಹೋಗಲಿಲ್ಲ. ತಿಕ್ಕಿದ, ಹೋಗಲಿಲ್ಲ. ಓಡಿ ಹೋಗಿ ಉಳದಿದ್ದ ಇದ್ದಲಿ ಸಗಣಿ ತಂದು, ಎರಡೂ ಮೀಸಿಗೆ ಬಳದು, ಬಚ್ಚಲದಾಗಿಂದ ಒದರಿದ:

"ಯವ್ವಾ, ಬಿಳೀದು ಒಂದಿಷ್ಟೂ ಉಳಿಸಿಲ್ಲ!"