ನಾಯಿ ಮಾತು ಬಿಟ್ಟು ಮೈಯಲ್ಲಿ ಹೇಳತೊಡಗಿದ್ದು

ಗುಡ್ಡಗಳು ಇನ್ನೂ ಮೆತ್ತಗಿದ್ದವು. ಯಾವ ಕಡೆ ಹರಿಯಬೇಕೆಂದು ಹಳ್ಳಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಲೋಕ ಅಷ್ಟು ಹೊಸದು.

ಆಗ ಎಲ್ಲರಿಗೂ ಮಾತು ಬರುತ್ತಿತ್ತು. ಕುರಿ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು, ನಾಯಿಯೂ ಮಾತಾಡುತ್ತಿತ್ತು. ನಾಯಿಗೆ ಬಾಲವಿತ್ತು, ಕಿವಿಗಳಿದ್ದವು, ಆದರೆ ಅವು ಅಲುಗಾಡುತ್ತಿರಲಿಲ್ಲ. ಎಲ್ಲವನ್ನೂ ಬಾಯಿಯೇ ಹೇಳುವಾಗ ಬಾಲಕ್ಕೇನು ಕೆಲಸ?

ಆ ಕಾಲದಲ್ಲಿ ಒಂದು ಕಲ್ಲುಬಯಲಿನಲ್ಲಿ ಹಾಲವ್ವ ಎಂಬ ಕುರಿಗಾರ್ತಿ ಇದ್ದಳು. ಸುತ್ತ ಮುಳ್ಳುಬೇಲಿ ಹಾಕಿದ ಹಟ್ಟಿ ಅವಳದು. ಹಟ್ಟಿ ಅಂದರೆ ಕುರಿಗಳನ್ನು ಕೂಡಿಹಾಕುವ ಜಾಗ. ಅದಕ್ಕೆ ಒಂದೇ ಬಾಗಿಲು. ಆ ವಾರ ಹಟ್ಟಿಯಲ್ಲಿ ಹನ್ನೊಂದು ಮರಿಗಳು ಹುಟ್ಟಿದ್ದವು. ನೆಟ್ಟಗೆ ನಿಲ್ಲಲೂ ಬಾರದ ಮರಿಗಳು.

ಹಾಲವ್ವನ ಕೈಯಲ್ಲಿ ಯಾವಾಗಲೂ ಕದಿರು ಇರುತ್ತಿತ್ತು. ಕದಿರು ಅಂದರೆ ಗಿರ್ರನೆ ತಿರುಗುತ್ತಾ ಉಣ್ಣೆಯನ್ನು ನೂಲು ಮಾಡುವ ಕಡ್ಡಿ. ನಡೆಯುವಾಗಲೂ ನೂಲುವುದು, ಕೂತಾಗಲೂ ನೂಲುವುದು ಕುರಿಗಾರರ ರೂಢಿ. ನೂಲುವವರ ಕಣ್ಣು ನೂಲಿನ ಮೇಲೇ ಇರಬೇಕು, ಇಲ್ಲವಾದರೆ ಎಳೆ ಹರಿಯುತ್ತದೆ. ಹೀಗಾಗಿ ಹಟ್ಟಿಗೆ ಯಾರು ಬಂದರೂ ಹಾಲವ್ವ ತಲೆ ಎತ್ತುತ್ತಿರಲಿಲ್ಲ. ಮಾತು ಕೇಳಿಯೇ ಬಂದವರು ಯಾರೆಂದು ತಿಳಿಯುತ್ತಿದ್ದಳು.

ಒಂದು ಸಂಜೆ ಬಾಗಿಲ ಬಳಿ ದನಿ ಕೇಳಿಸಿತು.

“ಅವ್ವಾ, ನಾನು ನಾಯಿ. ಕೇಡು ಮಾಡೋಕೆ ಬಂದಿಲ್ಲ. ನಿನ್ನ ಮರಿ ಕಾಯ್ತೀನಿ.”

ದನಿ ಬೆಣ್ಣೆಯ ಹಾಗಿತ್ತು. ಕಾವಲಿಗೆ ಯಾರಾದರೂ ಸಿಕ್ಕರೆ ಸಾಕೆಂದುಕೊಂಡಿದ್ದ ಹಾಲವ್ವ ಕದಿರಿನಿಂದ ಕಣ್ಣು ತೆಗೆಯದೆ, ಒಳಗೆ ಬಾ ಅಂದಳು.

ಬಂದದ್ದು ನಾಯಿಯಲ್ಲ, ನಾಯಿಯ ಅಣ್ಣ ತೋಳ. ಇಬ್ಬರದೂ ಒಂದೇ ಬಣ್ಣ, ಒಂದೇ ಎತ್ತರ, ಒಂದೇ ದನಿ. ಬೆಳಗಾದಾಗ ಹಟ್ಟಿಯಲ್ಲಿ ಹತ್ತೇ ಮರಿಗಳು ಉಳಿದಿದ್ದವು.

ಹಾಲವ್ವ ಅತ್ತಳು. ಅಳುತ್ತಲೇ ನೂತಳು.

ಮರುದಿನ ಸಂಜೆ ನಿಜವಾದ ನಾಯಿ ಬಂತು. ಅದೂ ಅದೇ ಮಾತು ಹೇಳಿತು. ಅದಕ್ಕೆ ಬೇರೆ ಮಾತು ಎಲ್ಲಿತ್ತು? ಈ ಮಾತನ್ನು ನಿನ್ನೆಯೇ ಕೇಳಿಯಾಗಿದೆ ಎಂದು ಹಾಲವ್ವ ಗದರಿದಳು. ಆಣೆ ಇಟ್ಟು ಹೇಳುತ್ತೇನೆ ಎಂದಿತು ನಾಯಿ. ಆಣೆ ಇಡಲು ತೋಳಕ್ಕೂ ಬರುತ್ತದೆ ಎಂದಳು ಹಾಲವ್ವ. ಆಗಲೂ ಅವಳು ತಲೆ ಎತ್ತಲಿಲ್ಲ.

ಮೂಲೆಯಲ್ಲಿ ಮೆಲುಕು ಹಾಕುತ್ತಿದ್ದ ಮುದಿಕುರಿ ಸುಮ್ಮನಿರಲಿಲ್ಲ.

“ನಿನಗೆ ಕಣ್ಣು ಕೊಟ್ಟಿದ್ದು ನೂಲು ನೋಡೋಕಷ್ಟೇ ಏನವ್ವಾ?”

ಆ ಮಾತು ಹಾಲವ್ವನಿಗೆ ಚುಚ್ಚಿತು.

ನಾಯಿ ಬೇಲಿಯಾಚೆ ಕೂತು ಗಾಳಿಯ ಹತ್ತಿರ ತನ್ನ ಕಷ್ಟ ಹೇಳಿಕೊಂಡಿತು. ಅದೆಲ್ಲ ಹಾಲವ್ವನ ಕಿವಿಗೆ ಬೀಳುತ್ತಿತ್ತು. ಗಾಳಿಯಾದ ನನ್ನನ್ನು ಯಾರೂ ಕಂಡಿಲ್ಲ, ಆದರೂ ಹುಲ್ಲು ಬಾಗಿದ್ದನ್ನು ನೋಡಿ ನಾನು ಎತ್ತ ಹೊರಟೆನೆಂದು ಎಲ್ಲರಿಗೂ ತಿಳಿಯುತ್ತದೆ ಎಂದಿತು ಗಾಳಿ. ಆಮೇಲೆ ಹಾಲವ್ವನಿಗೆ ಕೇಳದ ಹಾಗೆ ದನಿ ತಗ್ಗಿಸಿ ಹೇಳಿತು:

“ನಾನು ಸುಳ್ಳು ಹೇಳಬಹುದು. ಹುಲ್ಲು ಹೇಳೋದಿಲ್ಲ. ನಿನ್ನ ಮಾತು ನನಗೆ ಕೊಡು, ನಿನ್ನ ಮೈಯೊಳಗೆ ನಾನು ಆಡ್ತೀನಿ. ಆದರೆ ಕೊಟ್ಟ ಮಾತು ತಿರುಗಿ ಬರೋದಿಲ್ಲ.”

ನಾಯಿ ಬೇಲಿಯ ಸಂದಿಯಿಂದ ಮರಿಗಳನ್ನು ನೋಡಿತು. ಕೊನೆಗೆ ಕೊಟ್ಟೆ ಎಂದಿತು. ಅದು ಆಡಿದ ಕೊನೆಯ ಮಾತು ಅದೇ.

ಮೂರನೆಯ ಸಂಜೆ ಬಾಗಿಲ ಬಳಿ ಹೆಜ್ಜೆ ಸಪ್ಪಳವಾಯಿತು. ಹಾಲವ್ವ ಮಾತಿಗಾಗಿ ಕಾದಳು. ಮಾತು ಬರಲಿಲ್ಲ. ಮತ್ತೂ ಕಾದಳು. ಕಿವಿಗೆ ಏನೂ ಸಿಗದಿದ್ದಾಗ, ಮೊದಲ ಸಲ, ಕದಿರು ಬಿಟ್ಟು ತಲೆ ಎತ್ತಿದಳು. ಎಳೆ ಪಟ್ಟನೆ ಹರಿಯಿತು.

ಎದುರಿಗೆ ಇಬ್ಬರಿದ್ದರು. ಗಾಳಿಯ ಮಾತನ್ನು ತೋಳವೂ ಕದ್ದು ಕೇಳಿತ್ತು! ಅದೂ ಬಾಯಿ ಬಿಡದೆ ನಿಂತಿತ್ತು, ಅದೂ ಬಾಲ ಆಡಿಸುತ್ತಿತ್ತು.

“ಎರಡೂ ಬಾಲ ಆಡ್ತಾವ,” ಅಂತು ಮುದಿಕುರಿ. “ಈಗೇನು ಮಾಡ್ತೀ?”

“ಬಾಲ ಒಂದೇ ನೋಡಿದರೆ ಆಗೋದಿಲ್ಲ,” ಅಂದಳು ಹಾಲವ್ವ. “ಕಂಬಳಿ ನೋಡಿದ ಹಾಗೆ ನೋಡ್ತೀನಿ. ಈ ಅಂಚಿನಿಂದ ಆ ಅಂಚಿಗೆ.”

ಕಂಬಳಿ ನೇಯುವವರು ನೂಲಿಗೆ ಹುಣಸೆಬೀಜದ ಗಂಜಿ ಹಾಕುತ್ತಾರೆ. ಗಂಜಿ ಹಾಕಿದ ಹೊಸ ಕಂಬಳಿ ಹಲಗೆಯ ಹಾಗೆ ಸೆಟೆದಿರುತ್ತದೆ. ಹತ್ತು ಮಳೆಗಾಲ ಹೊದ್ದ ಹಳೆಯ ಕಂಬಳಿ ಹೇಗೆ ಹಾಕಿದರೆ ಹಾಗೆ ಬೀಳುತ್ತದೆ. ಈ ವ್ಯತ್ಯಾಸವನ್ನು ಹಾಲವ್ವ ಮುಟ್ಟದೆಯೇ ಹೇಳಬಲ್ಲಳು.

ಅವಳು ತೋಳವನ್ನು ಮೂತಿಯಿಂದ ಬಾಲದವರೆಗೆ ನೋಡಿದಳು. ಬಾಯಿ ಬಿಗಿದಿತ್ತು. ಕಿವಿಗಳು ಮುಂದಕ್ಕೆ ನಿಗುರಿದ್ದವು. ಕಣ್ಣು ರೆಪ್ಪೆ ಬಡಿಯದೆ ಮರಿಗಳ ಮೇಲೆ ನೆಟ್ಟಿತ್ತು. ಮೈಭಾರವೆಲ್ಲ ಮುಂಗಾಲಿನ ಮೇಲಿತ್ತು. ಬಾಲವೇನೋ ಆಡುತ್ತಿತ್ತು, ಆದರೆ ಕೋಲಿನ ಹಾಗೆ ಮೇಲಕ್ಕೆ ನಿಂತು ತುದಿ ಮಾತ್ರ ನಡುಗುತ್ತಿತ್ತು. ಅದರೊಳಗೆ ಗಾಳಿ ಇರಲಿಲ್ಲ. ತೋಳ ಬಲವಂತದಿಂದ ಆಡಿಸುತ್ತಿತ್ತು.

ಆಮೇಲೆ ನಾಯಿಯನ್ನು ನೋಡಿದಳು. ಅದು ನೇರ ಎದುರು ನಿಲ್ಲದೆ ಸ್ವಲ್ಪ ಓರೆಯಾಗಿ ನಿಂತಿತ್ತು. ಬಾಯಿ ತುಸು ತೆರೆದು ನಾಲಿಗೆ ಸಡಿಲವಾಗಿ ಜೋತಿತ್ತು. ಕಣ್ಣು ಅರೆಮುಚ್ಚಿತ್ತು, ಕಿವಿ ಮೆತ್ತಗಿತ್ತು. ನಾಲ್ಕೂ ಕಾಲಿನ ಮೇಲೆ ಸಮ ಭಾರ. ಬಾಲ ಮೇಲೇರಿರಲಿಲ್ಲ, ಕಾಲ ಸಂದಿಗೂ ಹೋಗಿರಲಿಲ್ಲ. ಅಗಲವಾಗಿ, ನಿಧಾನವಾಗಿ ಆಡುತ್ತಿತ್ತು, ಅದರ ಜೊತೆಗೆ ಸೊಂಟವೂ ಆಡುತ್ತಿತ್ತು.

“ಅದು ಗಂಜಿ ಹಾಕಿದ್ದು,” ಎಂದು ತೋಳದ ಕಡೆ ಕೈ ತೋರಿಸಿದಳು. “ಇದು ಹೊದ್ದ ಕಂಬಳಿ. ಬಾರೋ ನಾಯಪ್ಪ, ಒಳಗೆ ಬಾ.”

ಗುಟ್ಟು ಬಯಲಾದದ್ದೇ ತಡ, ತೋಳ ಮರಿಗಳತ್ತ ಹಾರಿತು. ನಾಯಿ ಅಡ್ಡ ಬಂತು. ಆಗ ನಾಯಿಯ ಮೈಯೂ ಸೆಟೆಯಿತು. ಬೆನ್ನಿನ ಕೂದಲು ನಿಂತಿತು, ತುಟಿ ಮೇಲೆದ್ದು ಹಲ್ಲು ಕಂಡಿತು. ಹಾಲವ್ವ ಹತ್ತಿರ ಹೋಗಲಿಲ್ಲ, ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಸೆಟೆದವರಿಗೆ ಜಾಗ ಬಿಡಬೇಕೆಂದು ಅವಳಿಗೆ ಆಗಲೇ ಅರ್ಥವಾಗಿತ್ತು. ದೂರ ನಿಂತು ಕಾದಳು.

ತೋಳ ಹಿಮ್ಮೆಟ್ಟಿತು. ಹಾಲವ್ವ ಎಣಿಸಿದಳು. ಹತ್ತು ಮರಿಗಳೂ ಇದ್ದವು.

ಆಗ ನಾಯಿ ಒಂದು ವಿಚಿತ್ರ ಕೆಲಸ ಮಾಡಿತು. ಮಳೆ ಇರಲಿಲ್ಲ, ಮೈ ಒದ್ದೆಯಾಗಿರಲಿಲ್ಲ, ಆದರೂ ಕಿವಿಯಿಂದ ಬಾಲದವರೆಗೆ ಮೈ ಪಟಪಟನೆ ಒದರಿತು. ಗಂಜಿಯೆಲ್ಲ ಉದುರಿದ ಹಾಗೆ ಮೈ ಮತ್ತೆ ಸಡಿಲವಾಯಿತು. ಹಾಲವ್ವ ಓರೆಯಾಗಿ ಕುಕ್ಕರಗಾಲಿನಲ್ಲಿ ಕೂತು ಕೈಯನ್ನು ಕೆಳಗೆ ಇಟ್ಟಳು. ನಾಯಿ ತಾನಾಗಿಯೇ ಬಂದು ಮೂಸಿತು. ಅವಳ ಪಕ್ಕದಲ್ಲಿ ಒಂದು ಮಗ್ಗುಲಿಗೆ ಉರುಳಿ ಉಸ್ಸೆಂದು ಮಲಗಿತು. ಹಾಲವ್ವ ಹರಿದ ಎಳೆಯನ್ನು ಹೊಸೆದು ಕೂಡಿಸಿದಳು. ಅಂದಿನಿಂದ ನಾಲ್ಕು ಸುತ್ತು ನೂಲುವುದು, ಒಮ್ಮೆ ತಲೆ ಎತ್ತಿ ನಾಯಿಯನ್ನು ನೋಡುವುದು ಅವಳ ರೂಢಿಯಾಯಿತು.

ತೋಳದ ಮಾತನ್ನು ಆಮೇಲೆ ಯಾರೂ ನಂಬಲಿಲ್ಲ. ಅದಕ್ಕೇ ಅದು ದೂರದ ಗುಡ್ಡದಲ್ಲಿ ಕೂತು ಊಳಿಡುತ್ತದೆ.

ನಾಯಿಗೆ ಉಳಿದದ್ದು ಬೊಗಳುವುದು ಮಾತ್ರ. ಉಳಿದದ್ದನ್ನೆಲ್ಲ ಮೈಯೇ ಹೇಳುತ್ತದೆ. ಇಂದಿಗೂ ನಿಮ್ಮ ಬೀದಿಯ ನಾಯಿ ಮಳೆಯಿಲ್ಲದೆ ಮೈ ಒದರಿ, ಕಿವಿ ಮೆತ್ತಗೆ ಮಾಡಿ, ಸೊಂಟವನ್ನೂ ಸೇರಿಸಿ ಬಾಲ ಆಡಿಸಿದರೆ, ಅಂದು ಹಾಲವ್ವನ ಬೇಲಿಯಾಚೆ ಅದರೊಳಗೆ ಹೊಕ್ಕ ಗಾಳಿ ಇನ್ನೂ ಅಲ್ಲೇ ಆಡುತ್ತಿದೆ ಎಂದೇ ಅರ್ಥ.