ಸಾಕಮ್ಮನ ತೂಬು

ಕಮರನಹಳ್ಳಿಯ ದೊಡ್ಡಕೆರೆಯ ಏರಿಯ ಮೇಲೆ ಊರ ಕಡೆಯಿಂದ ನಡೆದು ಬಂದರೆ, ನಡುಭಾಗದಲ್ಲಿ, ನೀರಿನೊಳಗೆ ಎರಡು ಕಲ್ಲುಕಂಬಗಳು ಕಾಣುತ್ತವೆ. ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ತೂಬು ಅದೇ. ಅದಕ್ಕೆ ಎದುರಾಗಿ ಏರಿಯ ಮೇಲೆ ಎದೆಯೆತ್ತರದ ಒಂದು ಕಲ್ಲು ನಿಂತಿದೆ. ಕಲ್ಲಿನಲ್ಲಿ ಕೆತ್ತಿರುವುದು ಒಬ್ಬ ಗಂಡಸನ್ನು. ಬಲಗೈಯಲ್ಲಿ ಕೋಲು, ತಲೆಗೆ ರುಮಾಲು, ಕೆನ್ನೆಯ ತನಕ ತಿರುವಿದ ಮೀಸೆ. ಆ ಮೀಸೆಯ ಮೇಲೆಯೇ ಅರಿಸಿನ ಮೆತ್ತಿರುತ್ತದೆ. ಹಣೆಗೆ ಕಾಸಿನಗಲ ಕುಂಕುಮ, ಪಾದದ ಹತ್ತಿರ ಹಸಿರು ಗಾಜಿನ ಬಳೆಗಳು, ಶುಕ್ರವಾರವಾದರೆ ಕನಕಾಂಬರದ ಒಂದು ಮೊಳ. ನೋಡಲು ಬಂದವರು ನಗುತ್ತಾರೆ. ಗಂಡಸಿಗೆ ಬಳೆ ತೊಡಿಸುವ ಊರು ಇದೊಂದೇ ಇರಬೇಕು ಎನ್ನುತ್ತಾರೆ. ನಗಲಿ, ನಗುವಂಥದ್ದೇ. ಪಕ್ಕದಲ್ಲಿ ನೆಟ್ಟಿರುವ ಹಲಗೆಯ ಮೇಲೆ 'ನೀರಗಂಟಿ ಚಿತ್ತಯ್ಯನ ವೀರಗಲ್ಲು' ಎಂದು ಬರೆದಿದೆ. ಆದರೆ ಊರಿನ ಯಾವ ಹೆಂಗಸನ್ನು ಕೇಳಿದರೂ 'ಸಾಕಮ್ಮನ ತೂಬು' ಎಂದೇ ಹೇಳುತ್ತಾಳೆ. ಈ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದ ನಾನು ಆ ಹಲಗೆಯನ್ನು ತಿದ್ದಿಸಲು ನಾಲ್ಕು ಸಲ ಅರ್ಜಿ ಬರೆದು ಸುಮ್ಮನಾಗಿದ್ದೇನೆ. ಕೋಣನ ಮುಂದೆ ಕಿನ್ನರಿ ಎಷ್ಟು ಬಾರಿಸುವುದು?

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದ ಕಾಲದಲ್ಲಿ, ಈ ಕೆರೆಗೆ ಓಬಯ್ಯ ಎಂಬುವನು ನೀರಗಂಟಿಯಾಗಿದ್ದನು. ಕೆರೆಯನ್ನು ಕಾಯುವುದು, ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ನೀರು ಎಂದು ಹಂಚುವುದು ನೀರಗಂಟಿಯ ಕೆಲಸ. ಆ ಕೆಲಸದ ಗುರುತೇ ಅವನ ಕೈಯ ಕೋಲು. ಅದು ತಂದೆಯಿಂದ ಮಗನಿಗೆ ಹೋಗಬೇಕು. ಓಬಯ್ಯನಿಗೆ ಒಂದರ ಮೇಲೊಂದು ನಾಲ್ಕು ಹೆಣ್ಣಾದವು. ಐದನೆಯದೂ ಹೆಣ್ಣೆಂದು ಸೂಲಗಿತ್ತಿ ಬಂದು ಹೇಳಿದಾಗ ಅವನು ಮಗುವಿನ ಮುಖವನ್ನೂ ನೋಡದೆ ಕೆರೆಯ ಕಡೆಗೆ ಹೊರಟುಹೋದನಂತೆ. ಹೆಸರಿಡುವ ದಿನ ಕಿವಿಯಲ್ಲಿ 'ಸಾಕಮ್ಮ' ಎಂದು ಮೂರು ಸಲ ಹೇಳಿದನು. ಇನ್ನು ಹೆಣ್ಣು ಸಾಕು ಎಂದು ದೇವರಿಗೆ ಹೇಳಿಕಳಿಸುವ ಹೆಸರು ಅದು. ಹಾಗೆ ಹೆಸರಿಟ್ಟರೆ ಹೆಣ್ಣಿನ ಸಾಲು ಅಲ್ಲಿಗೆ ಮುಗಿದು ಮುಂದಿನದು ಗಂಡಾಗುತ್ತದೆ ಎಂದು ಆಗಲೂ ನಂಬಿದ್ದರು, ಈಗಲೂ ನಂಬುವವರಿದ್ದಾರೆ. ಸಾಕಿ ಸಲಹುವವಳು ಎಂದು ಈ ಹೆಸರಿಗೆ ಚೆಂದದ ಅರ್ಥ ಹೇಳುವ ಪಂಡಿತರೂ ಉಂಟು. ಹೇಳಿಕೊಳ್ಳಲಿ ಬಿಡಿ, ತೊಟ್ಟಿಲ ಪಕ್ಕದಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಕುಳಿತ ತಾಯಿಗೆ ಅದರ ಅರ್ಥವನ್ನು ಯಾವ ಪಂಡಿತನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆರನೆಯದು ಹುಟ್ಟಲೇ ಇಲ್ಲ. ಅಕ್ಕಂದಿರು ಮದುವೆಯಾಗಿ ಹೋದರು. ಓಬಯ್ಯನಿಗೆ ವಯಸ್ಸಾಗಿ ಕಣ್ಣು ಮಂಜಾಯಿತು. ಬೇರೆ ದಾರಿಯಿಲ್ಲದೆ ಅವನು ಬೇಡದ ಮಗಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗಿಳಿಸಿದನು. ಹನ್ನೆರಡು ತುಂಬುವ ಹೊತ್ತಿಗೆ ಅವಳು ಬುರುಡೆಯಿಲ್ಲದೆ ತೂಬಿನ ತಳ ಮುಟ್ಟಿ ಬರುತ್ತಿದ್ದಳು. ಏರಿಯ ಹಿಂಬದಿಯಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಕೆರೆ ಆರೋಗ್ಯವಾಗಿದೆ, ಆ ನೀರು ಕೆಂಪಾದರೆ ಏರಿ ಒಳಗಿನಿಂದ ಕರಗುತ್ತಿದೆ ಎಂಬುದನ್ನು ಅವನು ಅವಳಿಗೆ ಕಲಿಸಿದ್ದು ಆಗಲೇ. ಓಬಯ್ಯ ತೀರಿಕೊಂಡಾಗ ಕೆರೆಯ ಸಂಗತಿ ಬಲ್ಲವಳು ಊರಿನಲ್ಲಿ ಅವಳೊಬ್ಬಳೇ. ಆದರೂ ಊರ ಹಿರಿಯರು ಕೋಲನ್ನು ಅವಳ ಕೈಗೆ ಕೊಡಲಿಲ್ಲ. ಕೆರೆಯೇ ಇಲ್ಲದ ಒಣ ಊರಿನಿಂದ ಚಿತ್ತಯ್ಯನೆಂಬುವನನ್ನು ಮನೆ ಅಳಿಯನಾಗಿ ಕರೆತಂದು, ಅವಳೊಡನೆ ಮದುವೆ ಮಾಡಿಸಿ, ಕೋಲನ್ನು ಅವನ ಕೈಗಿತ್ತರು. ಅವನು ಮೊಣಕಾಲುದ್ದದ ನೀರು ಕಂಡರೂ ಹೆದರುವವನು. ಕೆಟ್ಟವನೇನಲ್ಲ ಎನ್ನುತ್ತಾರೆ. ಕೆಟ್ಟವನಾಗಿದ್ದರೆ ಬೈಯಲಾದರೂ ಆಗುತ್ತಿತ್ತು. ಕೋಲು ಹಿಡಿದು ಕಟ್ಟೆಯ ಮೇಲೆ ಕೂರುವುದು ಅವನ ಪಾಲಾಯಿತು, ನೀರಿಗೆ ಇಳಿಯುವುದು ಅವಳ ಪಾಲಾಯಿತು. ನಾಲ್ಕು ವರ್ಷ ಹೀಗೆಯೇ ನಡೆಯಿತು.

ಐದನೆಯ ವರ್ಷ ಮಳೆ ಹಿಡಿದು ಹೊಡೆಯಿತು. ಎಷ್ಟೋ ಕಾಲದ ಮೇಲೆ ಕೆರೆ ತುಂಬಿ ಕೋಡಿ ಹರಿಯಿತು. ಕೆರೆ ತುಂಬಿದರೆ ಮೊದಲು ಗೌಡರ ಮನೆಯ ಮುತ್ತೈದೆ ಗಂಗಮ್ಮನಿಗೆ ಬಾಗಿನ ಬಿಡಬೇಕು. ಅಲ್ಲಿಯ ತನಕ ತೂಬನ್ನು ಯಾರೂ ಮುಟ್ಟುವಂತಿಲ್ಲ. ಇದು ಈ ಸೀಮೆಯ ಕಟ್ಟಳೆ. ಆ ವರ್ಷ ಗೌಡನಾಗಿದ್ದ ಕ್ಯಾತೇಗೌಡನ ಹೊಸ ಸೊಸೆ ತವರಿನಲ್ಲಿದ್ದಳು. ಮೊದಲ ಬಾಗಿನ ಅವಳ ಕೈಯಿಂದಲೇ ಆಗಲಿ ಎಂದು ಗೌಡ ಶುಕ್ರವಾರಕ್ಕೆ ಗೊತ್ತು ಮಾಡಿದನು. ಮಂಗಳವಾರ ಬೆಳಿಗ್ಗೆ ಸಾಕಮ್ಮ ಏರಿಯ ಹಿಂದೆ ಹೋಗಿ ನೋಡುತ್ತಾಳೆ, ಜಿನುಗುವ ನೀರು ಕೆಂಪಾಗಿದೆ! ಆ ನೀರನ್ನು ಒಂದು ಕುಡಿಕೆಯಲ್ಲಿ ಹಿಡಿದು, ಪೂಜೆಯ ಮಾತುಕತೆಗೆ ಊರು ಸೇರಿದ್ದ ಚಾವಡಿಗೆ ನೇರವಾಗಿ ಬಂದಳು.

"ಗೌಡ್ರೆ, ಈ ನೀರು ನೋಡಿ. ನೆನ್ನೆ ತಿಳಿಯಾಗಿತ್ತು, ಇವತ್ತು ಕೆಂಪಗೈತೆ. ಏರಿ ಕರಗ್ತಾ ಐತೆ. ಇವತ್ತೇ ತೂಬು ಎತ್ತಿ ಕೆರೆ ಇಳಿಸ್ಬೇಕು."

ಗೌಡ ಕುಡಿಕೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎಂದು ಯಾರೋ ಅಂದರು, ಎಲ್ಲರೂ ನಕ್ಕರು. "ನೀರಗಂಟಿ ಇವ್ನೋ ನೀನೋ?" ಎಂದು ಗೌಡ ಕೇಳಿ, ಚಿತ್ತಯ್ಯನ ಕಡೆ ತಿರುಗಿ, "ಏನ್ಲಾ, ನಿನ್ನ ಹೆಂಡ್ತಿ ಹೇಳೋದು ದಿಟವೇನ್ಲಾ?" ಎಂದನು. ಚಿತ್ತಯ್ಯನಿಗೆ ಕೆಂಪು ನೀರೆಂದರೇನೆಂದು ತಿಳಿಯದು. ತಿಳಿಯದು ಎಂದು ಹೇಳಿದರೆ ಕೈಯಲ್ಲಿದ್ದ ಕೋಲು ಹೋಗುತ್ತದೆ. ಅವನು ಹೆಂಡತಿಯ ಮುಖ ನೋಡದೆ, "ಹಂಗೇನಿಲ್ಲ ಗೌಡ್ರೆ, ಮಳೆ ನೀರು ಕೊಚ್ಚಿ ಬಂದಿರೋದು" ಎಂದುಬಿಟ್ಟನು. ಸಾಕಮ್ಮ ಆ ಕೆಂಪು ನೀರನ್ನು ಚಾವಡಿಯ ಮುಂದೆಯೇ ಚೆಲ್ಲಿ ಹೊರಟಳು.

ಬುಧವಾರದ ಹೊತ್ತಿಗೆ ಜಿನುಗು ಹೋಗಿ ಬೆರಳುಗಾತ್ರದ ಧಾರೆಯಾಗಿತ್ತು. ಗಂಡಸರೆಲ್ಲ ಕೋಡಿಯ ಹತ್ತಿರ, ಗಂಗಮ್ಮನ ಗುಡಿಯ ಮುಂದೆ ಚಪ್ಪರ ಹಾಕುತ್ತಿದ್ದರು. ತೂಬಿನ ಬಳಿ ಇದ್ದವರು ಪೂಜೆಯ ಪಾತ್ರೆ ಬೆಳಗಲು ಬಂದಿದ್ದ ಏಳು ಜನ ಹೆಂಗಸರು. ತೂಬಿನ ಕಂಡಿಯನ್ನು ಮುಚ್ಚುವ ಗುಂಡುಕಲ್ಲನ್ನು ಮೇಲಿನಿಂದಲೇ ಎತ್ತಲು ಒಂದು ಮರದ ಗಳು ಇರುತ್ತದೆ. ಅದು ಎಂದೋ ಕೊಳೆತು ಮುರಿದಿತ್ತು, ಬದಲಿಸಬೇಕಾದ ನೀರಗಂಟಿ ಬದಲಿಸಿರಲಿಲ್ಲ. ಸಾಕಮ್ಮ ಬಾವಿಹಗ್ಗ ತಂದು ಒಂದು ತುದಿಯನ್ನು ಆ ಹೆಂಗಸರ ಕೈಗೆ ಕೊಟ್ಟು, "ನಾನು ಹಗ್ಗ ಜಗ್ಗಿದ ಕೂಡಲೇ ಎಳೀರಿ, ಏನೇ ಆದ್ರೂ ಬಿಡಬ್ಯಾಡಿ" ಎಂದು ಸೀರೆಯ ಕಚ್ಚೆ ಕಟ್ಟಿ ಮುಳುಗಿದಳು. ಎರಡು ಸಲ ಗುಂಡುಕಲ್ಲಿನ ನೆತ್ತಿಯ ಕಬ್ಬಿಣದ ಬಳೆಗೆ ಹಗ್ಗ ಸಿಕ್ಕಲಿಲ್ಲ. ಮೂರನೆಯ ಸಲ ಸಿಕ್ಕಿತು. ಹೆಂಗಸರು ಎಳೆದರು. ಗುಂಡು ಎದ್ದು ಒಂದು ಪಕ್ಕಕ್ಕೆ ವಾಲಿದಾಗ ಅವಳ ಬಲಗೈ ಕಲ್ಲಿಗೂ ಕಲ್ಲಿಗೂ ನಡುವೆ ಸಿಕ್ಕಿತು. ಅವಳು ಮೇಲೆ ಬಂದಾಗ ಮೂರು ಬೆರಳು ಇರಲಿಲ್ಲ. ತೂಬು ಮಾತ್ರ ಭೋರ್ಗರೆಯುತ್ತಿತ್ತು. ಸಂಜೆಯ ಹೊತ್ತಿಗೆ ಕೆರೆ ಎರಡಾಳು ಇಳಿಯಿತು, ಏರಿಯೊಳಗಿನ ಬಿಲ ಬಾಯಿಬಿಟ್ಟು ಕಂಡಿತು, ಗಂಡಸರು ಓಡಿಬಂದು ಜೇಡಿಮಣ್ಣು ತುಂಬಿದರು. ಏರಿಯ ಕೆಳಗಿನ ಎಂಬತ್ತು ಮನೆ ಉಳಿದವು.

ಗಂಗಮ್ಮ ಹೆಣ್ಣನ್ನು ಬೇಡಿದಳು, ಸಾಕಮ್ಮ ತನ್ನನ್ನು ಕೊಟ್ಟುಕೊಂಡು ಕೆರೆಯೊಳಗೆ ಐಕ್ಯಳಾದಳು ಎಂದು ಕೆಲವರು ಕತೆ ಕಟ್ಟಿ ಹೇಳುವುದುಂಟು. ಸುಳ್ಳು! ಗಂಗಮ್ಮ ಯಾರನ್ನೂ ಬೇಡಲಿಲ್ಲ. ಸಾಕಮ್ಮ ಸಾಯಲೂ ಇಲ್ಲ. ಸತ್ತಿದ್ದರೆ ಊರಿಗೆ ಎಷ್ಟು ಅನುಕೂಲವಾಗುತ್ತಿತ್ತು, ಒಂದು ಗುಡಿ ಕಟ್ಟಿ ಕೈತೊಳೆದುಕೊಳ್ಳುತ್ತಿದ್ದರು. ಬದುಕಿದ್ದವಳನ್ನು ಊರು ಮೊದಲು ಕೇಳಿದ್ದು, ಬಾಗಿನಕ್ಕೆ ಮುಂಚೆ ತೂಬು ಮುಟ್ಟಿದೆ ಏಕೆ ಎಂದು. ಕೈಗೆ ಬಟ್ಟೆ ಸುತ್ತಿಕೊಂಡೇ ಅವಳು ಒದ್ದೆ ಸೀರೆಯಲ್ಲಿ ಗಂಗಮ್ಮನ ಗುಡಿಗೆ ನೂರೊಂದು ಸುತ್ತು ಬಂದು ತಪ್ಪು ಕಾಣಿಕೆ ಒಪ್ಪಿಸಿದಳು. ತಿಂಗಳ ಮೇಲೆ ಪಾಳೆಯಗಾರನ ಕಡೆಯವರು ಬಂದು, ಈ ಏರಿಯನ್ನು ಉಳಿಸಿದವರು ಯಾರು ಎಂದು ವಿಚಾರಿಸಿದಾಗ ಗೌಡ ಕೈ ತೋರಿಸಿದ್ದು ಚಿತ್ತಯ್ಯನನ್ನು. ಊರನ್ನು ಹೆಂಗಸೊಬ್ಬಳು ಉಳಿಸಿದಳೆಂದರೆ ಗಂಡಸರು ಎಲ್ಲಿದ್ದಿರಿ ಎಂಬ ಪ್ರಶ್ನೆ ಬರುತ್ತದಲ್ಲ! ಚಿತ್ತಯ್ಯ ಅಲ್ಲಿಯೂ ತಲೆ ತಗ್ಗಿಸಿ ಸುಮ್ಮನೆ ನಿಂತನು. ಅದನ್ನು ವಿನಯವೆಂದು ಹೊಗಳಿದರಂತೆ.

ಚಿತ್ತಯ್ಯನ ಹೆಸರಿನಲ್ಲಿ ಕಲ್ಲು ನಿಲ್ಲಿಸಲು ಪಾಳೆಯಗಾರ ಕಳಿಸಿದ ಕಲ್ಲುಕುಟಿಗರಿಗೆ ಒಂದು ತಿಂಗಳು ಅಡಿಗೆ ಮಾಡಿ ಬಡಿಸಿದವಳೂ ಸಾಕಮ್ಮನೇ. ಉಳಿದ ಎರಡು ಬೆರಳಿನಿಂದ ಹಿಟ್ಟಿನ ಕೋಲು ಹಿಡಿದು ಮುದ್ದೆ ತಿರುವುತ್ತಿದ್ದಳಂತೆ. ಒಂದು ದಿನ ಮುದುಕ ಕಲ್ಲುಕುಟಿಗ, "ಅವ್ವಾ, ನಿನ್ನ ಗಂಡನ ಮೀಸೆ ಹೆಂಗೆ ಕೆತ್ಲಿ?" ಎಂದು ಕೇಳಿದನು.

"ಚೆನ್ನಾಗಿ ತಿರುವಿಬಿಡಪ್ಪಾ," ಎಂದಳು ಸಾಕಮ್ಮ. "ಯಾವತ್ತೂ ನೀರಲ್ಲಿ ನೆನೆದ ಮೀಸೆ ಅಲ್ಲ ಅದು."

ಮರುವರ್ಷ ಅವಳಿಗೆ ಹೆಣ್ಣುಮಗುವಾಯಿತು. ಹೆಸರಿಡುವ ದಿನ ಅವಳು ತೊಟ್ಟಿಲ ಬಳಿ ಚಿತ್ತಯ್ಯನನ್ನು ಬರಗೊಡದೆ, ತಾನೇ ಬಗ್ಗಿ ಮಗುವಿನ ಕಿವಿಯಲ್ಲಿ 'ಸಾಕಮ್ಮ' ಎಂದಳು. ಸೇರಿದ್ದ ಹೆಂಗಸರು ಬೆಚ್ಚಿದರು. "ಬದುಕಿರೋ ತಾಯಿ ಹೆಸರನ್ನ ಮಗೀಗೆ ಇಡ್ತಾರೇನೇ? ಅದೂ ಮೊದಲನೇದಕ್ಕೆ? ಎಂಥ ಅಪಶಕುನ!" ಎಂದಳು ಒಬ್ಬ ಹಿರಿಯಳು. ಅದಕ್ಕೆ ಸಾಕಮ್ಮ, "ಮೊದಲನೇದು ಅಂತಲೇ ಇಡ್ತಿರೋದು ಕಣಕ್ಕ. ನನ್ನ ಹೆಸರು ಕಲ್ಲಿನ ಮೇಲಂತೂ ಬರ್ಲಿಲ್ಲ. ಇನ್ಮೇಲೆ ಈ ಹೆಸರು ಕೇಳಿದೋರು ಇವಳು ಎಷ್ಟನೇ ಹೆಣ್ಣು ಅಂತ ಬೆರಳು ಎಣಿಸಬಾರದು, ಅಷ್ಟೇ ನಾನು ಕೇಳೋದು" ಎಂದಳು. ಅಂದು ಹಗ್ಗ ಎಳೆದಿದ್ದ ಏಳು ಜನರೂ ತಮ್ಮ ತಮ್ಮ ಮನೆಯಲ್ಲಿ ಮುಂದೆ ಹುಟ್ಟಿದ ಮೊದಲ ಹೆಣ್ಣಿಗೆ ಅದೇ ಹೆಸರಿಟ್ಟರು. ಸಾಕಮ್ಮ ತೀರಿಕೊಂಡ ಮೇಲೆ ಗಂಡಸರ ಕಣ್ಣೆದುರಿಗೇ ಆ ಕಲ್ಲಿಗೆ ಅರಿಸಿನ ಹಚ್ಚಿ ಬಳೆ ಇಟ್ಟವರೂ ಅವರೇ. ಇದನ್ನು ನನಗೆ ಹೇಳಿದ್ದು ನನ್ನ ಅಜ್ಜಿ ದೊಡ್ಡಕ್ಕ. ಆ ಏಳು ಜನರಲ್ಲಿ ಒಬ್ಬಳು ನಮ್ಮ ಮನೆತನದವಳು.

ಕಮರನಹಳ್ಳಿಯಲ್ಲಿ ಮೊದಲ ಮಗಳಿಗೆ ಸಾಕಮ್ಮ ಎಂದು ಹೆಸರಿಡುತ್ತಾರೆ, ಬೇರೆ ಊರುಗಳ ಹಾಗೆ ಬೇಸತ್ತು ಕೊನೆಯ ಹೆಣ್ಣಿಗೆ ಇಡುವುದಿಲ್ಲ ಎಂದು ಊರಿನವರು ಬಂದವರ ಮುಂದೆ ಎದೆ ತಟ್ಟಿ ಹೇಳುತ್ತಾರೆ. ಈಗಲೂ ಕಲ್ಲು ಹಾಗೆಯೇ ಇದೆ, ಮೀಸೆಯ ಮೇಲಿನ ಅರಿಸಿನ ಹಾಗೆಯೇ ಇದೆ. ಶುಕ್ರವಾರ ನಾನು ಹೂ ಇಡಲು ಹೋದಾಗ ಯಾರಾದರೂ ಸಿಕ್ಕಿದರೆ ಈ ಕತೆ ಹೇಳುತ್ತೇನೆ. ಕೇಳಿದವರು ಕೊನೆಗೆ, "ನಿಮ್ಮ ಹೆಸರೇನು ಟೀಚರ್?" ಎನ್ನುತ್ತಾರೆ. ಸಾಕಮ್ಮ ಎನ್ನುತ್ತೇನೆ. "ಅಯ್ಯೋ, ಎಂಥ ಪುಣ್ಯವಂತರು! ಆ ಮಹಾತಾಯಿಯ ಹೆಸರೇ ಇಟ್ಟಿದ್ದಾರಲ್ಲ!" ಎಂದು ಕೈ ಮುಗಿಯುತ್ತಾರೆ.

ನಮ್ಮಪ್ಪನೂ ನಾನು ಕೇಳಿದಾಗಲೆಲ್ಲ ಹಾಗೆಯೇ ಹೇಳುತ್ತಿದ್ದರು. ಆದರೆ ನನ್ನ ಹಿರಿಯ ಅಕ್ಕನ ಹೆಸರು ಪುಟ್ಟರಂಗಮ್ಮ. ಎರಡನೆಯವಳು ಈರಮ್ಮ, ಮೂರನೆಯವಳು ಸಣ್ಣತಿಮ್ಮಕ್ಕ, ನಾಲ್ಕನೆಯವಳು ಭೂತಮ್ಮ. ಮಹಾತಾಯಿಯ ನೆನಪು ನಮ್ಮಪ್ಪನಿಗೆ ಬಂದದ್ದು ಐದನೆಯವಳಾಗಿ ನಾನು ಹುಟ್ಟಿದಾಗ. ಎರಡು ವರ್ಷದ ಮೇಲೆ ನನ್ನ ತಮ್ಮ ಹುಟ್ಟಿದನು. ಹೆಸರು ಕೆಲಸ ಮಾಡಿತು ಎಂದು ನಮ್ಮಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರಿಗೆಲ್ಲ ಸಕ್ಕರೆ ಹಂಚಿದರಂತೆ. ಇದೇ ಕಲ್ಲಿನ ಮುಂದೆಯೂ ಒಂದು ಹಿಡಿ ಇಟ್ಟರಂತೆ. ನಾನು ಹೆಗಲ ಮೇಲೆ ಕುಳಿತು ದಾರಿಯುದ್ದಕ್ಕೂ ಆ ಸಕ್ಕರೆ ತಿಂದೆನಂತೆ.